ಚುಕ್ಕೆಗೆ ಚುಕ್ಕೆ ಸೇರಿದರೆ

— ಬಾ, ಕೂತ್ಕೋ. ನಿನ್ನನ್ನೇ ಕಾಯ್ತಿದ್ದೆ. ಶಿವಮೊಗ್ಗದಲ್ಲಿ ನಿಮ್ಮ ವಿನೋಬನಗರದ ಕಡೆಯೇ ಒಬ್ಬರ ಹತ್ರ ಗಂಡು ಡ್ಯಾಶ್‌ಹೌಂಡ್ ಇದೆಯಂತೆ. ಕಪ್ಪು ಮೈ ಮೇಲೆಲ್ಲ ಬೂದು ಚುಕ್ಕೆ, ಒಂದು ಕಣ್ಣು ನೀಲಿ. ನಮ್ಮವಳು ಇನ್ನೊಂದು ತಿಂಗಳಿಗೆ ಹೀಟ್‌ಗೆ ಬರ್ತಾಳೆ. ಕ್ರಾಸ್ ಮಾಡಿಸೋಣ, ದುಡ್ಡು ಬೇಡ, ಚುಕ್ಕೆ ಇರೋ ಒಂದು ಮರಿ ಕೊಟ್ರೆ ಸಾಕು ಅಂತಿದ್ದಾರೆ.

— ಇವಳಿಗೆ ವಯಸ್ಸೆಷ್ಟಾಯ್ತು ದೊಡ್ಡಮ್ಮ?

— ಬರೋ ದೀಪಾವಳಿಗೆ ಮೂರು ತುಂಬುತ್ತೆ.

— ವಯಸ್ಸೇನೋ ಸರಿಯಾಗಿದೆ. ನಾಯಿ ಸಾಕಿ ಮಾರೋರಿಗೆ ಅಂತ ಕೇಂದ್ರ ಸರ್ಕಾರ 2017ರಲ್ಲಿ ಮಾಡಿದ ನಿಯಮದಲ್ಲಿ ಹೆಣ್ಣಿಗೆ 18 ತಿಂಗಳಾದ್ರೂ ಆಗಿರಬೇಕು ಅಂತಿದೆ. ಮರಿಗೆ 8 ವಾರ ಆಗೋ ತನಕ ಕೊಡಬಾರದು ಅಂತಲೂ ಇದೆ. ಆದ್ರೆ ಆ ಗಂಡಿನ ಬಣ್ಣ ಕೇಳಿದ ಮೇಲೆ, ಸ್ವಲ್ಪ ತಡೀರಿ ಅನ್ನಬೇಕು ಅನ್ಸುತ್ತೆ.

— ಬಣ್ಣದಲ್ಲೇನು ಬಂತು ಮಾರಾಯ್ತಿ? ನಾಯಿ ಚೆನ್ನಾಗಿದೆ, ಮೂಳೆ ಗಟ್ಟಿ ಇದೆ, ಲಸಿಕೆ ಎಲ್ಲ ಹಾಕಿಸಿದ್ದಾರೆ. ಈಗ ಜನ ಕೇಳೋದೂ ಚುಕ್ಕೆ ಮರೀನೇ. ಬೆಲ್ಲದ ಬಣ್ಣದ ಮರಿಗೆ ಕೊಡೋದಕ್ಕಿಂತ ಎರಡರಷ್ಟು ಕೊಡ್ತಾರೆ. ಹಿಂದೆ ಹೀಗಿರಲಿಲ್ಲ ಬಿಡು. ನಿಮ್ಮ ದೊಡ್ಡಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದಾಗ ಈ ನ್ಯೂಟೌನ್ ಕ್ವಾರ್ಟರ್ಸ್ ತುಂಬ ಬಿಳೀ ಪಮೇರಿಯನ್ನೇ. ಆ ಹಿಂದಿ ಸಿನಿಮಾ ಬಂತಲ್ಲ, ಮಾಧುರಿ ದೀಕ್ಷಿತ್‌ದು, ಅದರಲ್ಲಿ ಬಿಳಿ ನಾಯಿ ಕ್ರಿಕೆಟ್ ಅಂಪೈರ್ ಆಗುತ್ತೆ. ಅದಾದ ಮೇಲೆ ಪೇಪರ್‌ಟೌನಿನಲ್ಲೂ ಎಲ್ಲರಿಗೂ ಬಿಳೀದೇ ಬೇಕು. ಕಂದು ಮರಿ ಹುಟ್ಟಿದ್ರೆ ಕೇಳೋರೇ ಇಲ್ಲ.

— 1994ರ ಸಿನಿಮಾ ಅದು. ನಾವು ಪಮೇರಿಯನ್ ಅಂತಿದ್ದದ್ದು ಬಹುಪಾಲು ಇಂಡಿಯನ್ ಸ್ಪಿಟ್ಜ್. ಒಳ್ಳೇದಾಯ್ತು, ನೀವೇ ಆ ಮಾತು ತೆಗೆದ್ರಿ. ಆ ಬಿಳಿ ನಾಯಿಗಳ ಮೂಗು ಯಾವ ಬಣ್ಣ ಇತ್ತು, ನೆನಪಿದೆಯಾ?

— ಕಪ್ಪು. ಅಚ್ಚ ಕಪ್ಪು. ಕಣ್ಣಿನ ಸುತ್ತ ಕಾಡಿಗೆ ಹಚ್ಚಿದ ಹಾಗೆ ಗೆರೆ ಬೇರೆ.

— ಅದನ್ನೇ ನೋಡಬೇಕಾದ್ದು. ನಾಯಿ ಮೈಯಲ್ಲಿ ಬಣ್ಣ ಅಂತ ಇರೋದು ಎರಡೇ ದೊಡ್ಡಮ್ಮ, ಕಪ್ಪು ಒಂದು, ಕೆಂಪು ಒಂದು. ಬೇರೆ ಯಾವ ಬಣ್ಣ ಕಂಡ್ರೂ ಇವೆರಡರದ್ದೇ ಕೆಲಸ. ಕಪ್ಪು ತಯಾರಾಗೋ ಕಡೆ ಒಂದು ಜೀನ್ ಕೈಕೊಟ್ರೆ ಚಾಕಲೇಟ್. ಇನ್ನೊಂದು ಜೀನ್ ಕೈಕೊಟ್ರೆ ಬಣ್ಣದ ಕಣಗಳು ಕೂದಲಲ್ಲಿ ಮುದ್ದೆಗಟ್ಟಿ ಕಪ್ಪು ಬೂದು ಆಗುತ್ತೆ, ಅದನ್ನು ಬ್ಲೂ ಅಂತಾರೆ. ಕೆಂಪು ಗಾಢವಾಗಿದ್ರೆ ನಿಮ್ಮವಳ ಹಾಗೆ, ತೆಳುವಾದ್ರೆ ಕೆನೆ, ತೀರಾ ತೆಳುವಾದ್ರೆ ನೋಡೋಕೆ ಬಿಳಿ. ಕ್ವಾರ್ಟರ್ಸಿನ ಆ ಬಿಳಿ ನಾಯಿ ಲೆಕ್ಕಕ್ಕೆ ಕೆಂಪು ನಾಯೀನೇ, ಕೆಂಪು ತೀರಾ ತೆಳುವಾಗಿದೆ ಅಷ್ಟೇ. ಕೂದಲಿಗೆ ಬರದಿದ್ದ ಕಪ್ಪು ಮೂಗಲ್ಲಿ, ಕಣ್ಣಂಚಲ್ಲಿ, ತುಟಿಯಲ್ಲಿ ಹಾಗೇ ಇರುತ್ತೆ. ಬಣ್ಣ ಮಾಡೋ ಕೋಶಗಳು ಎಲ್ಲೂ ಹೋಗಿರಲ್ಲ.

— ಹಾಗಾದ್ರೆ ಇನ್ನೊಂದು ಥರದ ಬಿಳೀನೂ ಇದೆ ಅನ್ನು.

— ಇದೆ. ಕೋಶಗಳೇ ಇಲ್ಲದ ಬಿಳಿ. ಮರಿ ಗರ್ಭದಲ್ಲಿ ಬೆಳೀವಾಗ ಬಣ್ಣದ ಕೋಶಗಳು ಬೆನ್ನಿನ ಗೆರೆಯಿಂದ ಹೊರಟು ಮೈಯೆಲ್ಲ ಹರಡಬೇಕು. ಅವು ತಲುಪದ ಜಾಗ ಬಿಳಿಯಾಗೇ ಉಳಿಯುತ್ತೆ. ಅದಕ್ಕೇ ಊರು ನಾಯಿಗಳಲ್ಲಿ ಎದೆ, ಪಾದ, ಬಾಲದ ತುದಿ, ಹಣೆ ನಡುವೆ ಬಿಳಿ ಕಾಣೋದು ಜಾಸ್ತಿ, ಹೊರಟ ಜಾಗದಿಂದ ದೂರ ಇರೋವು ಅವೇ. ಅಷ್ಟರಿಂದ ಏನೂ ಆಗಲ್ಲ. ಕಷ್ಟ ಇರೋದು ಕಿವಿ ಒಳಗೆ. ಒಳಗಿವಿಯಲ್ಲಿ ಶಬ್ದ ಹಿಡಿಯೋ ಸೂಕ್ಷ್ಮ ಕೋಶಗಳಿವೆ. ಅವಕ್ಕೆ ಬೇಕಾದ ದ್ರವವನ್ನು ಸರಿಯಾದ ಹದದಲ್ಲಿ ಇಡೋ ಪದರ ಒಂದಿದೆ, ಆ ಪದರ ನಡೆಯೋದೇ ಬಣ್ಣದ ಕೋಶಗಳಿಂದ. ಅಲ್ಲಿಗೆ ಅವು ತಲುಪದಿದ್ರೆ ಮರಿ ಹುಟ್ಟಿದ ಮೂರು ನಾಲ್ಕು ವಾರದೊಳಗೆ ಶಬ್ದದ ಕೋಶಗಳು ಸಾಯ್ತವೆ. ಮತ್ತೆ ಹುಟ್ಟಲ್ಲ.

— ಬಣ್ಣಕ್ಕೂ ಕಿವಿಗೂ ಇಂಥಾ ಸಂಬಂಧ ಇದೆ ಅಂತ ಯಾರೂ ಹೇಳಿರಲಿಲ್ಲ ಕಣೇ.

— ಈಗ ಆ ಗಂಡಿನ ವಿಷಯಕ್ಕೆ ಬರ್ತೀನಿ. ಅದರ ಮೈ ಮೇಲಿರೋದು ಡ್ಯಾಪಲ್ ಚುಕ್ಕೆ. ಬೇರೆ ತಳಿಗಳಲ್ಲಿ ಇದನ್ನೇ ಮರ್ಲ್ ಅಂತಾರೆ. ಪಿಮೆಲ್ ಅನ್ನೋ ಒಂದು ಜೀನ್‌ನಲ್ಲಿ ಹೊರಗಿನ ತುಂಡೊಂದು ಸೇರಿಕೊಂಡು ಹೀಗಾಗುತ್ತೆ ಅಂತ 2006ರಲ್ಲಿ ಅಮೆರಿಕದ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದವರು ಪತ್ತೆ ಮಾಡಿದ್ರು. ಆ ತುಂಡು ತಾಯಿಯಿಂದಲೋ ತಂದೆಯಿಂದಲೋ ಒಂದು ಕಡೆಯಿಂದ ಬಂದ್ರೆ ಕಪ್ಪು ಅಲ್ಲಲ್ಲಿ ಬೂದಾಗಿ ತೇಪೆ ತೇಪೆಯಾಗಿ ಕಾಣುತ್ತೆ, ಕಣ್ಣು ನೀಲಿಯಾಗಬಹುದು, ನಾಯಿ ಬಹುಮಟ್ಟಿಗೆ ಆರೋಗ್ಯವಾಗೇ ಇರುತ್ತೆ. ಎರಡೂ ಕಡೆಯಿಂದ ಬಂದ್ರೆ ಡಬಲ್ ಡ್ಯಾಪಲ್. ಆಗ ಬಹಳ ಕಡೆ ಬಣ್ಣದ ಕೋಶಗಳೇ ಉಳಿಯಲ್ಲ. ಮೈಯ ದೊಡ್ಡ ಭಾಗ ಬಿಳಿ, ಕಿವಿ ಕೇಳದೆ ಇರಬಹುದು, ಕಣ್ಣುಗುಡ್ಡೆ ಬೆಳೆಯದೆ ಸಣ್ಣದಾಗಿ ಉಳೀಬಹುದು. ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದವರು ಇಂಥ ನಾಯಿಗಳ ಕಿವಿ ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದ್ರು. ಒಂದೇ ಕಡೆಯಿಂದ ಪಡೆದವುಗಳಲ್ಲಿ ಕಿವುಡು ನೂರಕ್ಕೆ ನಾಲ್ಕೂ ಇರಲಿಲ್ಲ. ಎರಡೂ ಕಡೆಯಿಂದ ಪಡೆದವುಗಳಲ್ಲಿ ನಾಲ್ಕಕ್ಕೊಂದು ನಾಯಿಗೆ ಒಂದು ಕಿವಿಯೋ ಎರಡೂ ಕಿವಿಯೋ ಕೇಳ್ತಿರಲಿಲ್ಲ.

— ಅಯ್ಯೋ. ನೀನು ಕಣ್ಣಾರೆ ನೋಡಿದ್ದೀಯಾ?

— ವೆಟರ್ನರಿ ಕಾಲೇಜಿನಲ್ಲಿ ಓದ್ತಿದ್ದಾಗ ಕ್ಲಿನಿಕ್ಕಿಗೆ ಒಂದು ಮರಿ ತಂದಿದ್ರು. ಎರಡು ತಿಂಗಳಿದ್ದಿರಬಹುದು. ಮೈಯೆಲ್ಲ ಬಿಳಿ, ಬೆನ್ನ ಮೇಲೆ ಎರಡು ಬೂದು ಮಚ್ಚೆ. ಅಪರೂಪದ ಬಣ್ಣ ಅಂತ ಹೆಚ್ಚಿಗೆ ಕೊಟ್ಟು ತಂದ ಮರಿ. ಹೇಳಿದ ಮಾತು ಕೇಳಲ್ಲ, ಹಟಮಾರಿ ಅಂತ ಆ ಮನೆಯವರ ದೂರು. ನಮ್ಮ ಮೇಡಂ ಅದರ ಬೆನ್ನ ಹಿಂದೆ ನಿಂತು ಸ್ಟೀಲ್ ಟ್ರೇಯನ್ನು ನೆಲಕ್ಕೆ ಬಿಟ್ರು. ಅಲ್ಲಿದ್ದ ನಾವೆಲ್ಲ ಬೆಚ್ಚಿದ್ವಿ, ಬೇರೆ ನಾಯಿಗಳು ಬೊಗಳಿದ್ವು. ಮರಿ ಮಾತ್ರ ಟೇಬಲ್ ಬಟ್ಟೆಯ ಅಂಚು ಕಚ್ಚಿಕೊಂಡು ಆಟ ಆಡ್ತಾನೇ ಇತ್ತು. ಆಮೇಲೆ ಬಲಗಣ್ಣಿನ ರೆಪ್ಪೆ ಬಿಡಿಸಿ ತೋರಿಸಿದ್ರು. ಒಳಗೆ ಗುಡ್ಡೆ ಇತ್ತು, ಮೆಣಸಿನ ಕಾಳಿನಷ್ಟು.

— ಆ ಮನೆಯವರು ಇಟ್ಕೊಂಡ್ರಾ?

— ಇಟ್ಕೊಂಡ್ರು. ಕೈಸನ್ನೆಯಲ್ಲಿ ಕಲಿಸಿದ್ರು. ನೆಲಕ್ಕೆ ಕಾಲಲ್ಲಿ ತಟ್ಟಿದ್ರೆ ಅದುರು ಗೊತ್ತಾಗಿ ತಿರುಗ್ತಿತ್ತು. ಅಂಥ ಮನೆ ಎಲ್ಲ ಮರಿಗೂ ಸಿಗಲ್ಲ ದೊಡ್ಡಮ್ಮ. ಹುಟ್ಟಿಸೋ ಮುಂಚೆಯೇ ತಪ್ಪಿಸಬಹುದಾಗಿದ್ದ ಕಷ್ಟ ಅದು. ಚುಕ್ಕೆಗೆ ಚುಕ್ಕೆ ಸೇರಿಸದಿದ್ರೆ ಆಯ್ತು, ಅಷ್ಟೇ. ಬ್ರಿಟನ್ನಿನ ಕೆನಲ್ ಕ್ಲಬ್ ಅಂಥ ಜೋಡಿಯ ಮರಿಗಳನ್ನು ನೋಂದಾವಣೆಯನ್ನೇ ಮಾಡಲ್ಲ. ಎಲ್ಲ ಕಡೆ ಹಾಗೇ ಆಗಬೇಕು.

— ಸರಿ, ಒಪ್ಪಿದೆ. ಆದ್ರೆ ನಮ್ಮವಳಿಗೆ ಚುಕ್ಕೆ ಎಲ್ಲಿದೆ? ನೋಡು, ತಲೆಯಿಂದ ಬಾಲದವರೆಗೆ ಒಂದೇ ಕೆಂಪು. ಚುಕ್ಕೆ ಗಂಡು, ಕೆಂಪು ಹೆಣ್ಣು. ನೀನು ಹೇಳೋ ತೊಂದರೆ ಇಲ್ಲಿ ಬರಲ್ಲ ಅಲ್ವಾ?

— ಹಾಗೇ ಇರಲಿ ಅಂತ ನನ್ನ ಆಸೆಯೂ. ಆದ್ರೆ ಡ್ಯಾಪಲ್ ತನ್ನ ಕೆಲಸ ಮಾಡೋದು ಕಪ್ಪಿನ ಮೇಲೆ ಮಾತ್ರ. ಕೆಂಪನ್ನು ಅದು ಮುಟ್ಟಲ್ಲ. ಮೈಯೆಲ್ಲ ಕೆಂಪಿರೋ ನಾಯಿ ಒಳಗೆ ಡ್ಯಾಪಲ್ ಇಟ್ಕೊಂಡಿದ್ರೂ ತೋರಿಸೋಕೆ ಜಾಗ ಇರಲ್ಲ. ಅದಕ್ಕೇ ಕೆಂಪು ನಾಯಿ ವಿಷಯದಲ್ಲಿ ನನಗೆ ಹೆಚ್ಚು ಭಯ. ಇವಳ ತಾಯಿ ಯಾವ ಬಣ್ಣ?

— ಬೆಂಗಳೂರಿನಿಂದ ತಂದಾಗ ತಂದೆ ತಾಯಿ ಇಬ್ಬರನ್ನೂ ತೋರಿಸಿದ್ರಲ್ಲ. ತಂದೆ ಕೆಂಪು. ತಾಯಿ... ಹೂಂ. ಕಪ್ಪು ಮೈ, ಹುಬ್ಬಿನ ಮೇಲೆ ಎರಡು ಕಂದು ಬೊಟ್ಟು, ಕಾಲು ಕಂದು. ಬೆನ್ನಿನ ಮೇಲೆ ಬೂದು ಬೂದು ಇತ್ತು ಕಣೇ.

— ಚುಕ್ಕೆಯಾ?

— ಚುಕ್ಕೆ ಅಂದ್ರೆ ಚುಕ್ಕೆ. ಆಗ ನಾವು ಅದನ್ನ ಹಂಡ ನಾಯಿ ಅಂದಿದ್ವಿ.

— ಹಂಡ ಅಂದ್ರೆ ಬಿಳಿ ಬೆರೆತಿದ್ದದ್ದೂ ಆಗಬಹುದು. ಅದು ಪೈಬಾಲ್ಡ್, ಬೇರೆ ಜೀನ್. ಅದರಲ್ಲಿ ಬಿಳಿ ಸ್ಪಷ್ಟ ಬಿಳಿ, ಬಣ್ಣದ ತೇಪೆಯ ಅಂಚೂ ಸ್ಪಷ್ಟ. ಡ್ಯಾಪಲ್‌ನಲ್ಲಿ ಕಪ್ಪು ಮಾಸಿ ಬೂದಾಗಿರುತ್ತೆ, ಅಂಚು ಹರಕು ಹರಕು. ಬಿಳಿ ಇತ್ತಾ, ಬೂದಾ?

— ಬೂದೇ. ಬಿಳಿ ಇರಲಿಲ್ಲ.

— ಇವಳು ಮರಿಯಾಗಿದ್ದಾಗ ಹೇಗಿದ್ಲು? ಮೊದಲ ದಿನದ ಫೋಟೊ ಇದೆಯಾ?

— ಇವಳು ಆಗ ಈಗಿನಷ್ಟು ಕೆಂಪಿರಲಿಲ್ಲ. ಬೆನ್ನ ಮೇಲೆ ಕಪ್ಪು ಕೂದಲು ಜಾಸ್ತಿ ಇತ್ತು, ಆಮೇಲಾಮೇಲೆ ಉದುರಿ ತಿಳಿಯಾಯ್ತು. ತಡಿ, ಫೋನಲ್ಲೇ ಇರಬೇಕು... ಇಗೋ. ಭುಜದ ಹತ್ರ ನೋಡು. ಅಲ್ಲೊಂದಿಷ್ಟು ಮಾಸಲು ಇದೆ. ಮಣ್ಣು ಮೆತ್ತಿದೆ ಅಂತ ಒರೆಸಿದ್ದೆ ನಾನು.

— ಕಿಟಕಿ ಹತ್ರ ಕರ್ಕೊಂಡು ಬನ್ನಿ ಅವಳನ್ನ. ತಲೆ ಹಿಡ್ಕೊಳ್ಳಿ. ಎಡಗಣ್ಣು ಕಂದು, ಪೂರ್ತಿ. ಬಲಗಣ್ಣು... ಇಲ್ಲಿ, ಕೆಳಗಡೆ, ಗಡಿಯಾರದಲ್ಲಿ ಐದು ಗಂಟೆ ಇರೋ ಕಡೆ ನೋಡಿ. ಕಂದಿನ ನಡುವೆ ಎಳೆಯಷ್ಟು ನೀಲಿ.

— ಹೌದಲ್ಲೇ! ಮೂರು ವರ್ಷ ಮುಖಕ್ಕೆ ಮುಖ ಇಟ್ಟು ಮಾತಾಡಿಸಿದ್ದೀನಿ, ಕಂಡೇ ಇರಲಿಲ್ಲ.

— ನೆರಳಲ್ಲಿ ಕಾಣಲ್ಲ ಅದು. ಇದೊಂದರಿಂದಲೇ ಖಂಡಿತ ಅನ್ನೋಕಾಗಲ್ಲ. ತಾಯಿ ಡ್ಯಾಪಲ್, ಮರಿಯಲ್ಲಿ ಮಾಸಲು ತೇಪೆ, ಕಣ್ಣಲ್ಲಿ ನೀಲಿ ಎಳೆ. ಮೂರೂ ಒಂದೇ ಕಡೆ ಕೈ ತೋರಿಸ್ತಿವೆ. ಪರೀಕ್ಷೆ ಮಾಡಿಸೋಣ. ರಕ್ತ ತೆಗೀಬೇಕಾಗಿಲ್ಲ, ಕೆನ್ನೆ ಒಳಗೆ ಹತ್ತಿ ಕಡ್ಡಿಯಲ್ಲಿ ಒರೆಸಿ ಲ್ಯಾಬಿಗೆ ಕಳಿಸಿದ್ರೆ ಡಿಎನ್‌ಎ ನೋಡಿ ಹೇಳ್ತಾರೆ. ಇವಳು ಡ್ಯಾಪಲ್ ಆಗಿದ್ದು ಆ ಗಂಡಿನ ಜೊತೆ ಸೇರಿಸಿದ್ರೆ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಡಬಲ್ ಡ್ಯಾಪಲ್ ಆಗೋ ಸಂಭವ.

— ನಾನು ಸುಮ್ನೆ ಹೂಂ ಅಂದಿದ್ರೆ! ಇದನ್ನೆಲ್ಲ ಹಿಂದಿನವರು ಹೇಗೆ ಕಂಡ್ಕೊಳ್ತಿದ್ರು?

— ಬರೆದಿಟ್ಟು ಕಂಡ್ಕೊಂಡ್ರು. ಅಮೆರಿಕದಲ್ಲಿ ಕ್ಲಾರೆನ್ಸ್ ಕುಕ್ ಲಿಟ್ಲ್ ಅನ್ನೋರು 1957ರಲ್ಲಿ ನಾಯಿಗಳ ಮೈಬಣ್ಣ ಹೇಗೆ ವಂಶದಲ್ಲಿ ಬರುತ್ತೆ ಅಂತ ಒಂದು ಪುಸ್ತಕವನ್ನೇ ಬರೆದ್ರು. ಡಿಎನ್‌ಎ ಓದೋ ಉಪಾಯ ಆಗ ಇರಲಿಲ್ಲ. ಯಾವ ಬಣ್ಣಕ್ಕೆ ಯಾವ ಬಣ್ಣ ಸೇರಿಸಿದ್ರೆ ಯಾವ ಮರಿ ಅನ್ನೋ ಲೆಕ್ಕದ ಮೇಲೇ ನಿಂತ ಪುಸ್ತಕ. ನೀವು ಈಗ ಹೇಳಿದ್ರಲ್ಲ, ಮರಿಯಲ್ಲಿ ಕಪ್ಪಿತ್ತು, ಆಮೇಲೆ ತಿಳಿಯಾಯ್ತು ಅಂತ, ಅಂಥ ಒಂದೊಂದು ಮಾತಿಗೂ ಬೆಲೆ ಇದೆ.

— ಆ ಹುಬ್ಬಿನ ಬೊಟ್ಟಿಗೆ ನಮ್ಮಜ್ಜಿ ನಾಲ್ಕು ಕಣ್ಣು ಅಂತಿದ್ಲು. ನಾಲ್ಕು ಕಣ್ಣಿನ ನಾಯಿ ಮನೇಲಿದ್ರೆ ರಾತ್ರಿ ಏನೂ ಹತ್ರ ಸುಳಿಯಲ್ಲವಂತೆ.

— ಅಜ್ಜಿಗಿಂತ ಹಳೇ ಮಾತು ಅದು. ಋಗ್ವೇದದ ಹತ್ತನೇ ಮಂಡಲದಲ್ಲಿ ಯಮನ ಎರಡು ನಾಯಿಗಳಿಗೂ ನಾಲ್ಕು ಕಣ್ಣು ಅಂತ ಬರುತ್ತೆ. ಕಪ್ಪು ನಾಯಿಯ ಹುಬ್ಬಿನ ಮೇಲೆ ಕಂದು ಬೊಟ್ಟು ಇಡೋ ಜೀನ್ ಹಳೇದು, ಎಲ್ಲ ಊರಲ್ಲೂ ಇದೆ. ಕೆಂಪಿನದ್ದು ಇನ್ನೂ ಹಳೇದು. ಕಪ್ಪು ತುದಿ ಇಲ್ಲದ ಅಚ್ಚ ಕೆಂಪು ಕೊಡೋ ರೂಪ ಇದೆಯಲ್ಲ, ಅದು ತೋಳದ ವಂಶದಿಂದ 20 ಲಕ್ಷ ವರ್ಷಕ್ಕೂ ಹಿಂದೆ ಕವಲೊಡೆದು ಅಳಿದುಹೋದ ಯಾವುದೋ ಪ್ರಾಣಿಯಿಂದ ಬಂದದ್ದು ಅಂತ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿದೆ. ಜನ ಹೆಚ್ಚಿಗೆ ದುಡ್ಡು ಕೊಡದ ಈ ಕೆಂಪಿಗೆ ಅಷ್ಟು ಉದ್ದದ ಚರಿತ್ರೆ ಇದೆ. ನನಗಂತೂ ಕೆಂಪೇ ಚೆಂದ.

— ಹಾಗಾದ್ರೆ ಹುಲಿಪಟ್ಟೆ? ಹಳೇನಗರದಲ್ಲಿ ಒಂದಿದೆ, ಕೆಂಪಿನ ಮೇಲೆ ಸಣ್ಣ ಸಣ್ಣ ಕಪ್ಪು ಗೆರೆ. ಅದೂ ಅಪಾಯವಾ?

— ಇಲ್ಲ, ಅದು ಬ್ರಿಂಡಲ್. ಅದರಿಂದ ಕಿವಿಗೆ ಕಣ್ಣಿಗೆ ಏನೂ ಇಲ್ಲ. ಸಾಮಾನ್ಯವಾಗಿ ತಂದೆ ತಾಯಿಯಲ್ಲಿ ಒಬ್ಬರಿಗಾದ್ರೂ ಪಟ್ಟೆ ಇದ್ದೇ ಮರಿಗೆ ಬರೋದು. ಹುಷಾರಾಗಿರಬೇಕಾದ್ದು ಬ್ಲೂ, ಇಸಬೆಲ್ಲಾ ಅಂತ ಹೆಸರು ಹೇಳಿ ಮಾರೋ ಮಾಸಲು ಬೂದು ಬಣ್ಣದ ಮರಿಗಳ ವಿಷಯದಲ್ಲಿ. ಕೆಲವಕ್ಕೆ ವರ್ಷ ತುಂಬೋ ಹೊತ್ತಿಗೆ ಬೆನ್ನಿನ ಕೂದಲು ಉದುರೋಕೆ ಶುರುವಾಗುತ್ತೆ, ಚರ್ಮ ಒಣಗಿ ಪದೇ ಪದೇ ಸೋಂಕು. ಮದ್ದು ಹಚ್ಚಿ ಸಮಾಧಾನ ಮಾಡಬಹುದು, ಕೂದಲು ಮೊದಲಿನ ಹಾಗೆ ಬರಲ್ಲ. ಮೂಗಿನ ಬಣ್ಣ ನೋಡಿ ಗುರುತು ಹಿಡೀಬಹುದು. ಮೂಗು ಕಪ್ಪಿದ್ರೆ ಕಪ್ಪಿನ ಜಾತಿ, ಕಾಫಿ ಬಣ್ಣ ಇದ್ರೆ ಚಾಕಲೇಟ್, ಬೂದಿದ್ರೆ ಬ್ಲೂ. ಕೂದಲು ಮೋಸ ಮಾಡಿದ್ರೂ ಮೂಗು ಮಾಡಲ್ಲ.

— ಮಳೆಗಾಲದಲ್ಲಿ ಕೆಂಪಿನ ಉಪಯೋಗ ನನಗೆ ಗೊತ್ತು. ಉಣುಗು ಕೂತ್ರೆ ಕಾಣುತ್ತೆ. ಪಕ್ಕದ ಮನೆಯವರದ್ದು ಉದ್ದ ಕೂದಲಿನ ಕಪ್ಪು ನಾಯಿ, ಕಿವಿ ಸಂದಿಯಲ್ಲಿ ಊದಿಕೊಂಡು ಕೂತಿದ್ರೂ ಗೊತ್ತಾಗಲ್ಲ.

— ಕಪ್ಪು ನಾಯಿಗೆ ಕಣ್ಣು ಸಾಲದು, ಬೆರಳಾಡಿಸಿ ಹುಡುಕಬೇಕು. ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಕಂಡ ಮೇಲೆ ನಮ್ಮ ಜಿಲ್ಲೆಯಲ್ಲಿ ಉಣುಗು ಅಂದ್ರೆ ಎಲ್ಲರಿಗೂ ಭಯ. ಅದನ್ನು ಹರಡೋದು ಕಾಡಿನ ಬೇರೆ ಜಾತಿಯ ಉಣುಗು. ಮನೆ ನಾಯಿ ಮೈ ಹತ್ತೋ ಕಂದು ಉಣುಗಿನಿಂದ ನಾಯಿಗೇ ಜ್ವರ, ರಕ್ತ ಕಮ್ಮಿಯಾಗೋದು. ಅದೂ ಜೀವಕ್ಕೇ ಬರುವಂಥದ್ದೇ.

— ಇಷ್ಟೆಲ್ಲ ಹೇಳ್ತೀಯ, ಬೆನ್ನಿನ ವಿಷಯ ಹೇಳಲೇ ಇಲ್ಲ. ಡ್ಯಾಶ್‌ಹೌಂಡ್‌ಗೆ ಬೆನ್ನು ಹಿಡಿಯುತ್ತೆ ಅಂತಾರೆ.

— ನಿಜ ಹೇಳಬೇಕಂದ್ರೆ ಕೊಳ್ಳೋರು ಮೊದಲು ಕೇಳಬೇಕಾದ್ದೇ ಅದು. ಕಾಲು ಗಿಡ್ಡ ಮಾಡಿದ ಜೀನ್‌ನ ಒಂದು ಹೆಚ್ಚುವರಿ ಪ್ರತಿಯನ್ನು 2009ರಲ್ಲಿ ಗುರುತಿಸಿದ್ರು. ಅದೇ ಜೀನ್‌ನ ಇನ್ನೊಂದು ಪ್ರತಿ ಬೆನ್ನುಮೂಳೆ ನಡುವಿನ ಬಿಲ್ಲೆಗಳು ಬೇಗ ಗಡುಸಾಗೋ ಹಾಗೆ ಮಾಡುತ್ತೆ ಅಂತ 2017ರಲ್ಲಿ ಗೊತ್ತಾಯ್ತು. ಐದು ಡ್ಯಾಶ್‌ಹೌಂಡ್‌ಗಳಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಒಂದಲ್ಲ ಒಂದು ದಿನ ಬೆನ್ನಿನ ತೊಂದರೆ ಬರುತ್ತೆ. ಚುಕ್ಕೆ ಎಷ್ಟು, ಕಣ್ಣು ನೀಲಿಯಾ ಅಂತ ಕೇಳೋರು ತಂದೆ ತಾಯಿಗೆ ಬೆನ್ನು ಹೇಗಿದೆ ಅಂತ ಕೇಳಲ್ಲ. ನೀವು ಇವಳಿಗೆ ಮಂಚ ಹತ್ತಿಸೋದು ಬಿಟ್ಟಿದ್ದೀರಲ್ಲ, ಅದು ಒಳ್ಳೇದು. ತೂಕ ಇಳಿಸಬೇಕು. ಪಕ್ಕೆಲುಬು ಕೈಗೆ ಸಿಗ್ತಿಲ್ಲ.

— ಇಳಿಸ್ತೀನಿ. ಈಗ ಕ್ರಾಸ್ ವಿಷಯ ಹೇಳು. ಜನ್ನಾಪುರದಲ್ಲಿ ಒಂದು ಗಂಡಿದೆ, ಕಪ್ಪು ಮೈ, ನಾಲ್ಕು ಕಣ್ಣು, ಚುಕ್ಕೆ ಗಿಕ್ಕೆ ಇಲ್ಲ. ಏಳು ವರ್ಷ, ಈವರೆಗೆ ಬೆನ್ನು ಹಿಡಿದಿಲ್ಲ. ಯಾರೂ ಕೇಳಲ್ಲ ಅದನ್ನ, ಮಾಮೂಲಿ ಬಣ್ಣ ಅಂತ.

— ಅದನ್ನೇ ನೋಡೋಣ. ಕಪ್ಪು ಮೈಯಲ್ಲಿ ಡ್ಯಾಪಲ್ ಅಡಗೋದು ಕಷ್ಟ, ಆದ್ರೂ ಬಾಲದ ಬುಡದವರೆಗೂ ಸರಿಯಾಗಿ ನೋಡಬೇಕು, ಅದಕ್ಕೂ ಒಂದು ಪರೀಕ್ಷೆ ಮಾಡಿಸೋಣ. ಏಳು ವರ್ಷ ಬೆನ್ನು ನೆಟ್ಟಗಿದೆ ಅನ್ನೋದು ಯಾವ ಬಣ್ಣಕ್ಕಿಂತಲೂ ದೊಡ್ಡದು. ಇನ್ನು ಮರಿಗಳ ಬಣ್ಣ. ಡ್ಯಾಶ್‌ಹೌಂಡ್‌ನಲ್ಲಿ ಈ ಕೆಂಪು ಆ ಕಪ್ಪು-ಕಂದನ್ನು ಮುಚ್ಚುತ್ತೆ. ಇವಳ ತಾಯಿ ಕಪ್ಪು-ಕಂದು ಆಗಿದ್ದರಿಂದ ಇವಳ ಒಳಗೂ ಅದರದ್ದೊಂದು ಪಾಲು ಇರಲೇಬೇಕು. ಹಾಗಾಗಿ ಸರಾಸರಿ ಅರ್ಧ ಮರಿ ಕೆಂಪು, ಅರ್ಧ ಕಪ್ಪು-ಕಂದು. ಇವಳು ಡ್ಯಾಪಲ್ ಅಂತಾದ್ರೆ ಆ ಮರಿಗಳಲ್ಲಿ ಅರ್ಧಕ್ಕೆ ಡ್ಯಾಪಲ್ ಬರಬಹುದು.

— ಅಂದ್ರೆ ಚುಕ್ಕೆ ಮರಿ ನಮ್ಮ ಮನೆಯಲ್ಲೇ ಹುಟ್ಟಬಹುದು?

— ಹುಟ್ಟಬಹುದು, ಕಿವಿ ಕಣ್ಣಿನ ಆ ಭಯ ಇಲ್ಲದೆ. ಒಂದೇ ಕೆಲಸ ಜಾಸ್ತಿ. ಹುಟ್ಟಿದ ವಾರದೊಳಗೆ ಒಂದೊಂದು ಮರಿಯದ್ದೂ ಬೆನ್ನು, ಹೊಟ್ಟೆ, ಎರಡು ಪಕ್ಕ ಫೋಟೊ ತೆಗೀಬೇಕು. ಕೆಂಪು ಮರಿಗಳದ್ದಂತೂ ಬಿಡಲೇಬಾರದು, ತೇಪೆ ಕಾಣೋದೇ ಆಗ. ತಗೊಂಡು ಹೋಗೋರ ಕೈಗೆ ಆ ಫೋಟೊ, ಇವಳ ಪರೀಕ್ಷೆಯ ಕಾಗದ ಎರಡನ್ನೂ ಕೊಡಿ.

— ಪರೀಕ್ಷೆ ಫಲಿತಾಂಶ ಬರೋದ್ರೊಳಗೆ ಈ ಸಲದ ಹೀಟ್ ಮುಗಿದು ಹೋದ್ರೆ?

— ಹೋಗಲಿ. ಆರು ತಿಂಗಳು ಬಿಟ್ಟು ಮತ್ತೆ ಬರುತ್ತೆ. ಅಷ್ಟರಲ್ಲಿ ತೂಕವೂ ಇಳಿಯುತ್ತೆ.

— ಶಿವಮೊಗ್ಗದವರಿಗೆ ಏನು ಹೇಳಲಿ? ಪಾಪ, ಒಳ್ಳೇ ಜನ. ಮೊನ್ನೆ ಅವರೇ ಬಿ.ಎಚ್. ರೋಡಿನಲ್ಲಿ ಬೈಕ್ ಮೇಲೆ ಬಂದು ಇವಳನ್ನ ನೋಡ್ಕೊಂಡು ಹೋದ್ರು.

— ಅವರ ನಂಬರ್ ಕೊಡಿ, ನಾನೇ ಸಂಜೆ ಹೋಗಿ ಮಾತಾಡ್ತೀನಿ. ಅವರ ಗಂಡಿನಿಂದ ಈ ಮೊದಲು ಮರಿ ಆಗಿವೆಯಾ?

— ಎರಡು ಸಲ ಆಗಿದೆಯಂತೆ. ದುರ್ಗಿಗುಡಿಯಲ್ಲಿ, ಗೋಪಾಳದಲ್ಲಿ ಎಲ್ಲ ಕೊಟ್ಟಿದ್ದಾರೆ. ಒಂದೆರಡು ಚುಕ್ಕೆ, ಉಳಿದಿದ್ದು ಕೆಂಪೇ ಅಂದ್ರು.

— ಹಾಗಾದ್ರೆ ಆ ಕೆಂಪು ಮರಿಗಳು ಯಾರ ಯಾರ ಮನೆಯಲ್ಲಿವೆ ಅಂತ ಮೊದಲು ಬರ್ಕೊಂಡು ಬರ್ತೀನಿ. ಆ ಮನೆಗಳಿಗೂ ಹೋಗಬೇಕು.